ಅಂಗಳದಲ್ಲಿ ಹೂಡಿದ ಒಲೆ

ಗೆಟ್ಟವಾಡಿ
ಶುಕ್ರವಾರ, 18 ಜುಲೈ 2025

ನನ್ನ ಪ್ರೀತಿಯ ಉಮಾಶಂಕರ್ ಅವರೇ,

ಅಜ್ಜಿ ಒಪ್ಪಿಬಿಟ್ಟರು! ರೀ, ನಿಜವಾಗಿ ಒಪ್ಪಿಬಿಟ್ಟರು, ನಾನು ಬರುತ್ತಿದ್ದೇನೆ, ಸಮುದ್ರದ ಪಕ್ಕದ ಆ ಹಳೆಯ ಗೇರು ಎಸ್ಟೇಟಿನ ಆರು ಕಾಟೇಜುಗಳನ್ನು ಇನ್ನು ನೀವೊಬ್ಬರೇ ಅಲ್ಲ, ನಾವಿಬ್ಬರೂ ಸೇರಿ ನೋಡಿಕೊಳ್ಳುತ್ತೇವೆ! ಇಷ್ಟು ಬರೆದು, ಎದ್ದು, ಕೋಣೆಯಲ್ಲಿ ಒಂದು ಸುತ್ತು ಕುಣಿದು, ಈಗ ಮತ್ತೆ ಬಂದು ಕೂತಿದ್ದೇನೆ. ಇನ್ನು ಕ್ಷೇಮಸಮಾಚಾರ.

ನಾವೆಲ್ಲ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ? ಆ ಮಳೆಯಲ್ಲಿ ಕೊಡೆ ಇಲ್ಲದೆ ಓಡಾಡುತ್ತಿಲ್ಲ ತಾನೇ? ಇಷ್ಟು ದಿನ ಕಾಗದ ಬರೆಯದೆ ಇದ್ದುದಕ್ಕೆ ದಯವಿಟ್ಟು ಕ್ಷಮಿಸಿ. ನಿಮ್ಮ ಎರಡು ಕಾಗದಗಳೂ ಬಂದವು. ಉತ್ತರಕ್ಕೆ ಕೂತಾಗಲೆಲ್ಲ 'ಇನ್ನೂ ಏನೂ ತೀರ್ಮಾನವಾಗಿಲ್ಲ' ಎಂಬ ಒಂದೇ ವಾಕ್ಯ ಬರುತ್ತಿತ್ತು. ಅಷ್ಟನ್ನೇ ಕಳಿಸಿದರೆ ನೀವು ಅಲ್ಲಿ ಊಟ ಬಿಟ್ಟು ಕೂರುತ್ತೀರಿ ಎಂದು ಹರಿದು ಹಾಕುತ್ತಿದ್ದೆ. ಪೋಸ್ಟ್‌ಮ್ಯಾನ್ ಮುರುಗನ್ ಅಂತೂ ದಿನಾ ಗೇಟಿನ ಮುಂದೆ ಬೈಕು ನಿಧಾನ ಮಾಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಏನಮ್ಮಾ, ಇವತ್ತೂ ತಬಾಲ್ ಇಲ್ವಾ? ಊರೆಲ್ಲಾ ವಾಟ್ಸಾಪು, ನೀವಿಬ್ರು ಮಟ್ಟುಂ ತಬಾಲು. ಇಂತಾ ಜೋಡಿ ಇನ್ನೂ ನಾಕು ಇದ್ರೆ ನಮ್ಮಾಫೀಸು ಬದುಕ್ಕೊಳ್ತದೆ" ಎಂದು ನಗುತ್ತಿದ್ದ. ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುವ ಜವಾಬ್ದಾರಿ ಅವನದೇ.

ನನ್ನ ಫೋನು ಇನ್ನೂ ಅಜ್ಜಿಯ ರಾಗಿ ಡಬ್ಬದಲ್ಲೇ ಇದೆ. ಬಿಡಿಸಿಕೊಳ್ಳಲು ನನ್ನ ತಂಗಿ ಮಂಗಳ ನನ್ನ ಪರವಾಗಿ ವಕೀಲಿ ಮಾಡಿದಳು.

"ಅಜ್ಜಿ, ಒಸ್ದಾಗ್ ಮದ್ವೆ ಆದೋರು ಆಸಾಡದಲ್ಲಿ ಒಬ್ರ್ ಮೊಕ ಒಬ್ರು ತಾನೇ ನೋಡ್ಬಾರ್ದು? ಫೋನಲ್ಲಿ ಬರೀ ಮಾತು."

"ಮಾತೂ ಅರ್ಧ ಮೊಕ ಕಣಮ್ಮಿ."

"ಅಂಗಾರೆ ಕಾಗ್ದ?"

ಅಜ್ಜಿ ಡಬ್ಬದ ಮುಚ್ಚಳವನ್ನು ಇನ್ನೊಂದು ಸಲ ಬಿಗಿ ಮಾಡಿದರು. "ಕಾಗ್ದುಕ್ಕೆ ಮೊಕನೂ ಇಲ್ಲ, ಗಂಟ್ಲೂ ಇಲ್ಲ. ಬರ್ಕಳ್ಳಿ ಬುಡು."

ನಮ್ಮ ಅಜ್ಜಿ ಹೈಕೋರ್ಟಿನಲ್ಲಿ ಇರಬೇಕಾಗಿತ್ತು. ಅಪ್ಪನ ಫೋನು ಡಬ್ಬದಲ್ಲಿಲ್ಲ, ಅಪ್ಪ ನಿಮಗೆ ಮೊನ್ನೆಯೇ ವಿಷಯ ಹೇಳಬಹುದಿತ್ತು. ಆದರೆ ನನ್ನ ಕಾಗದ ಮುಟ್ಟುವ ತನಕ ಯಾರೂ ಬಾಯಿ ಬಿಡಕೂಡದು ಎಂದು ಆಣೆ ಹಾಕಿಸಿಕೊಂಡಿದ್ದೇನೆ. ಈ ಸುದ್ದಿಯನ್ನು ನಾನೇ ಹೇಳಬೇಕು!

ಶ್ರಾವಣ ಶುರುವಾಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಂದು ನಿಲ್ಲದಿದ್ದರೆ ಬೇರೆ ಜೋಡಿ ನೋಡುತ್ತೇನೆ ಎಂದು ಎಸ್ಟೇಟಿನ ಒಡತಿ ಫಿಲೊಮಿನಾಬಾಯಿ ಹೇಳಿದ್ದನ್ನು ನೀವು ಎರಡನೆಯ ಕಾಗದದಲ್ಲಿ ಬರೆದಿರಲ್ಲ, ಅದನ್ನು ಓದಿದ ದಿನದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಶ್ರಾವಣಕ್ಕೆ ದಿನ ಎಣಿಸುತ್ತಿದ್ದೆ. ನಾನು ಮನೆಯಲ್ಲಿ ಆ ಜಾಗದ ಬಗ್ಗೆ ಎಷ್ಟು ಕೊರೆದಿದ್ದೇನೆ ಎಂದರೆ ಮಂಗಳ ಕಣ್ಣು ಮುಚ್ಚಿಕೊಂಡು ಅಲ್ಲಿ ಓಡಾಡಬಲ್ಲಳು. ಮದುವೆಯಾದ ಮೇಲೆ ನಿಮ್ಮ ಜೊತೆ ಅಲ್ಲಿ ಕಳೆದ ಆ ಒಂದು ವಾರವನ್ನು ಇಲ್ಲಿ ದಿನವೂ ಬಿಚ್ಚಿ ಮಡಿಸಿ ಇಡುತ್ತಿದ್ದೇನೆ. ಗೇಟಿನಿಂದ ಬಂಗಲೆಯವರೆಗಿನ ಕೆಂಪು ಮಣ್ಣಿನ ದಾರಿ. ಗೇರುಬೀಜ ತೂಗುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಊಟದ ಮೇಜುಗಳು, ಆದರೆ ತೊಲೆಯಲ್ಲಿ ತಕ್ಕಡಿಯ ಸರಪಳಿ ಹಾಗೇ ತೂಗುತ್ತಿರುವುದು. ಸಮುದ್ರ ಕಾಣುವುದಿಲ್ಲ, ಗಾಳಿಮರಗಳ ಆಚೆ ಬರೀ ಕೇಳಿಸುತ್ತದೆ. ಮೊದಲ ದಿನ ನಾನು ಅದನ್ನು ಲಾರಿ ಹೋಗುವ ಸದ್ದು ಅಂದುಕೊಂಡೆ, ನೀವು ನಕ್ಕಿರಿ. ಒಂದು ಕಾಲದಲ್ಲಿ ಅಷ್ಟು ಜನ ಬೆವರು ಸುರಿಸಿದ, ಈಗ ಕಾಟೇಜಾದ ಗೋದಾಮಿನಲ್ಲಿ ಯಾರೋ ಬಂದು ಬಿಸಿಲು ಏರುವ ತನಕ ಮಲಗುತ್ತಾರಲ್ಲ, ಅದು ನನಗೆ ಒಂದು ರೀತಿ ಇಷ್ಟವೂ ಆಗುತ್ತದೆ, ಯಾಕೋ ಸ್ವಲ್ಪ ಸಂಕೋಚವೂ ಆಗುತ್ತದೆ. ಆ ಸಂಕೋಚ ಇರುವವರೇ ಅಂಥ ಜಾಗವನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾರೆ ಅಂತ ನನಗೆ ಅನಿಸುತ್ತದೆ. ನೀವೇನು ಹೇಳುತ್ತೀರಿ?

ನಮ್ಮ ಮನೆಯವರ ಅನುಮಾನಗಳು ಬೇರೆ. "ಗೋಡೋನಲ್ಲಿ ಮಲಗಾಕೂ ದುಡ್ ಕೊಡ್ತಾರಾ?" ಎಂದಳು ಅವ್ವ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಆನೆ ಬತ್ತದಾ?"

"ಇಲ್ಲ ಅಪ್ಪ."

"ಅಂದಿ?"

"ಅದೂ ಇಲ್ಲ."

"ಆನೆ ಇಲ್ಲ, ಅಂದಿ ಇಲ್ಲ. ಮತ್ಯಾಕ್ ಅವ್ರು ಬೇಸಾಯ ಬುಟ್ಬುಟ್ರು?"

ಇದನ್ನು ನೀವು ಫಿಲೊಮಿನಾಬಾಯಿಯನ್ನು ಕೇಳಿ ತಿಳಿಸಬೇಕು. ಅಪ್ಪ ಇನ್ನೂ ಅದೇ ಯೋಚನೆಯಲ್ಲಿದ್ದಾರೆ.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಮಂಗಳನ ಉತ್ಸಾಹದಿಂದ. ಅಜ್ಜಿಗೆ ಭಾವನ ಫೋಟೋ ತೋರಿಸುತ್ತೇನೆ ಎಂದು ಅಪ್ಪನ ಫೋನು ಇಸಿದುಕೊಂಡು ಕಾಟೇಜುಗಳ ಪೇಜು ತೆಗೆದಳು. ಮೊದಲ ಫೋಟೋ ಬಂಗಲೆ. ಎರಡನೆಯದು ಉಯ್ಯಾಲೆ. ಮೂರನೆಯದರಲ್ಲಿ ನೀವು, ನೀಲಿ ಶರ್ಟು, ಬಾಯಿ ತುಂಬ ನಗು, ಕೈಯಲ್ಲಿ ಒಂದು ತಟ್ಟೆ. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು.

"ತಟ್ಟೇಲಿ ಏನಮ್ಮಿ ಅದು?"

ಮಂಗಳನಿಗೆ ಆಗ ಬುದ್ಧಿ ಬಂತು. "ಬಾಳೆಕಾಯಿ ಬಜ್ಜಿ ಅಜ್ಜಿ."

"ಬಾಳೆಕಾಯ್ಗೆ ಕಣ್ಣು ಯಾಕಮ್ಮಿ ಅದೆ?"

ರೀ, ಬೇರೆ ಯಾವ ದಿನವಾಗಿದ್ದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆವತ್ತು ಅಡುಗೆ ಮನೆಯ ಬಾಗಿಲ ಹಿಂದೆ ಸರಿದು ನಿಂತೆ. ಅಜ್ಜಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ನೀವು ಹೇಳಿಲ್ಲ, ನಾನೂ ಹೇಳಿಲ್ಲ. ಮದುವೆಯ ಮಾತುಕತೆಯಲ್ಲಿ ಅವರು ಹುಡುಗನ ಮನೆಯವರು ನಮ್ಮ ಹಾಗೆಯೇ ಲಿಂಗವಂತರಾ, ಪೂಜೆ ಮಾಡುತ್ತಾನಾ ಎಂದು ಕೇಳಿದರೇ ಹೊರತು, ಬಂದ ಅತಿಥಿಗಳಿಗೆ ಏನು ಬೇಯಿಸುತ್ತಾರೆ ಎಂದು ಕೇಳಲಿಲ್ಲ. ಕೇಳುವುದು ಅವರಿಗೆ ಹೊಳೆಯಲೇ ಇಲ್ಲ. ನಮ್ಮ ಮನೆಗೆ ಯಾರು ಬಂದರೂ ಉಪ್ಪೆಸ್ರು ಮುದ್ದೆ ಉಂಡು ಹೋಗುತ್ತಾರಲ್ಲ, ಎಲ್ಲ ಕಡೆಯೂ ಹಾಗೆಯೇ ಅಂದುಕೊಂಡಿದ್ದರು.

ಅಜ್ಜಿ ಕೂಗಾಡಲಿಲ್ಲ. ಫೋನನ್ನು ಮಂಗಳನ ಕೈಗೆ ವಾಪಸು ಕೊಟ್ಟು, ಅಲಸಂದೆಕಾಯಿ ಸುಲಿಯುತ್ತಾ ಕೂತರು. ಸಂಜೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಪಟಪಟ ಹೇಳಿದೆ, ನಾನು ತಿನ್ನುವುದಿಲ್ಲ, ನಮಗೇ ಬೇರೆ ಮನೆ ಇದೆ, ಬೇರೆ ಒಲೆ ಇದೆ, ಅತಿಥಿಗಳ ಅಡುಗೆಗೆ ಬೇಬಿಯಕ್ಕ ಇದ್ದಾರೆ, ನಾನು ನಿಂತು ನೋಡಿಕೊಳ್ಳುವುದು ಅಷ್ಟೇ.

"ನಿಂತ್ಕಂಡ್ ಮಾಡಿಸೋಳ್ಗೂ ಕೂತ್ಕಂಡ್ ಮಾಡೋಳ್ಗೂ ಏನಮ್ಮಿ ವೆತ್ಯಾಸ? ಯಜಮಾನ್ತಿ ಅಂದ್ಮೇಕೆ ಒಲೆ ನಿಂದೆಯಾ."

"ಅಜ್ಜಿ, ಅದು ಕೆಲ್ಸ. ಡಾಕ್ಟ್ರು ನರ್ಸು ಎಲ್ಲಾನೂ ಮುಟ್ಟಲ್ವಾ?"

"ಅವ್ರು ಕಾಯ್ಲೆ ವಾಸಿ ಮಾಡ್ತಾರೆ. ನೀನ್ ಯಾನ ವಾಸಿ ಮಾಡಿಯೆ?"

ನಾನು ಬಾಯಿ ತೆರೆಯುವ ಮುಂಚೆಯೇ, "ನಾಳೆ ಮಕ್ಳಾದ್ರೆ ಅವು ಯಾವ್ ಒಲೆ ತಾವು ಬೆಳೀತವೆ?" ಎಂದು ಕೇಳಿ ಎದ್ದು ಹೋದರು. ಅಷ್ಟೇ. ಮಾರನೆಯ ದಿನದಿಂದ ಆ ವಿಷಯವೇ ಇಲ್ಲ, ನಾನು ತೆಗೆದರೂ ಇಲ್ಲ.

ಅಜ್ಜಿ ಸುಮ್ಮನಾದ ಮೇಲೆ ಅಪ್ಪ ಮಾತಾಡಲು ಶುರು ಮಾಡಿದರು. "ಅಳಿಯಂದ್ರು ಓದಿರೋ ಓದ್ಗೆ ಆಸನೂರ್ ತಾವೇ ಎಷ್ಟೊಂದ್ ರೆಸಾರ್ಟ್ ಅವೆ. ಇಲ್ಲೇ ಸೇರ್ಕಳ್ಳಿ. ಸಾಯಂಕಾಲ ಬೈಕ್ ಅತ್ತುದ್ರೆ ಮನೆ."

"ಅಲ್ಲೂ ಕೋಳಿ ಬೇಯಿಸ್ತಾರೆ ಅಪ್ಪ."

"ಅದ್ ಬುಡು, ಅದು ಇಲ್ಲೇ ಅಲ್ವಾ."

ನೋಡಿದಿರಾ? ಹತ್ತಿರ ಬೇಯುವ ಕೋಳಿ ಪರವಾಗಿಲ್ಲ, ದೂರ ಬೇಯುವ ಮೀನು ಆಗುವುದಿಲ್ಲ. ಅಪ್ಪನಿಗೆ ಮೀನಿನ ಚಿಂತೆಯೇ ಇರಲಿಲ್ಲ, ದೂರದ ಚಿಂತೆ. ಪಾಪ ಅನಿಸಿತು. ಅದಕ್ಕೆ ನಾನು ಜಗಳ ಆಡಲಿಲ್ಲ. ಆದರೆ ಅಜ್ಜಿಯದು ಹಾಗಲ್ಲ. ಅವರಿಗೆ ಮೀನೇ ಚಿಂತೆ, ಕಳಿಸುವುದು ಬೇಡ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದರು, ಮತ್ತು ಅವರು ಬೇಡ ಎಂದರೆ ಅಪ್ಪ ಟಿಕೆಟ್ ತೆಗೆಸುವುದಿಲ್ಲ, ನೀವು ಬಂದು ಕರೆದರೂ ನಾನು ಅಜ್ಜಿಯ ಮಾತು ದಾಟಿ ಹೊರಡಲಾರೆ. ದಾಟಿದರೆ ಆಮೇಲೆ ಸಮುದ್ರದ ಸದ್ದು ನನಗೆ ಲಾರಿಯ ಸದ್ದಾಗಿಯೇ ಕೇಳುತ್ತದೆ. ಇದನ್ನು ನಿಮಗೆ ಬರೆಯಲು ಧೈರ್ಯ ಸಾಲದೆ ಅಷ್ಟು ಹಾಳೆ ಹರಿದದ್ದು.

ಈಗ ಕೇಳಿ, ಮಂಗಳವಾರ ಏನಾಯಿತು ಅಂತ.

ಸಂಜೆ ತುಂತುರು ಹನಿ. ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು. ಒಂದು ಬಿಳಿ ಕಾರು ಕುಂಟಿಕೊಂಡು ಬಂದು ನಮ್ಮ ಮನೆ ಮುಂದೆ ನಿಂತಿತು, ಹಿಂದಿನ ಟೈರು ಪೂರ್ತಿ ಮಲಗಿತ್ತು, ಸ್ಟೆಪ್ನಿಯೂ ಪಂಕ್ಚರಂತೆ. ಘಾಟಿ ಕೆಳಗಿನ ಗೋಬಿಚೆಟ್ಟಿಪಾಳ್ಯದ ಕಡೆಯವರು, ಗಂಡ, ಹೆಂಡತಿ, ನಾಲ್ಕು ವರ್ಷದ ಒಂದು ಹೆಣ್ಣು ಮಗು. ಮೈಸೂರಿನಲ್ಲಿ ನೆಂಟರ ಮನೆಗೆ ಹೋಗಿ ಬರುತ್ತಾ, ಫೋನಿನ ಮ್ಯಾಪು ತೋರಿಸಿದ ಅಡ್ಡದಾರಿ ನಂಬಿ ನಮ್ಮೂರಿಗೆ ಬಂದುಬಿಟ್ಟಿದ್ದರು. ಆ ಹೆಂಗಸು ಬಸುರಿ, ದಾರಿಯುದ್ದ ವಾಂತಿ ಮಾಡಿಕೊಂಡು ಮುಖ ಸುಣ್ಣದ ಹಾಗೆ ಆಗಿತ್ತು. ಅಪ್ಪ ತಮಿಳಿನಲ್ಲಿ ಹೇಳಿದರು, ಟೈರು ಹಾಕಿಸಿಕೊಂಡು ಹೋಗುವಷ್ಟರಲ್ಲಿ ದಿಂಬಂ ಘಾಟಿಯ ಕಾಡಿನ ಗೇಟು ರಾತ್ರಿಗೆ ಮುಚ್ಚಿರುತ್ತದೆ, ಇವತ್ತು ಇಲ್ಲೇ ಇರಿ, ಬೆಳಿಗ್ಗೆ ಇಳಿಯಿರಿ ಅಂತ. ಹಾಗೆ ಹೇಳಿ, ಆ ಟೈರನ್ನು ಆ ಗಂಡಸಿನ ತೊಡೆಯ ಮೇಲೆ ಇಡಿಸಿ, ಅವನನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ತಾಳವಾಡಿಗೆ ಹೊರಟೇಬಿಟ್ಟರು.

ರೀ, ನನಗೆ ಏನಾಯಿತೋ ಗೊತ್ತಿಲ್ಲ. ಒಳಗಿನಿಂದ ಯಾರೋ ಗುಂಡಿ ಒತ್ತಿದ ಹಾಗೆ ಆಯಿತು. ನಡುಮನೆಗೆ ಚಾಪೆ, ಆ ಹೆಂಗಸಿಗೆ ದಿಂಬು, ಕುಡಿಯಲು ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ, ಬಚ್ಚಲಲ್ಲಿ ಬಿಸಿನೀರು, ಮಗುವಿನ ಒದ್ದೆ ಬಟ್ಟೆ ಒಲೆಯ ಮೇಲಿನ ಹಗ್ಗಕ್ಕೆ. ನೀವು ಕಾಟೇಜಿನಲ್ಲಿ ಹೇಳಿಕೊಟ್ಟಿದ್ದಿರಲ್ಲ, ಬಂದವರನ್ನು ಮೊದಲು ಏನೂ ಕೇಳಬಾರದು, ಕೂರಿಸಬೇಕು ಅಂತ. ಹಾಗೇ ಮಾಡಿದೆ. ಅವ್ವ ಬಿಸಿ ಮುದ್ದೆ ಕಟ್ಟಿದಳು. ಆ ಹೆಂಗಸು ಎರಡು ತುತ್ತು ಉಂಡು ಮಲಗಿದಳು. ಮಗು ಮಾತ್ರ ತುಟಿ ಬಿಗಿದುಕೊಂಡು ಕೂತಿತ್ತು. ಮುದ್ದೆ ಬೇಡ, ಅನ್ನ ಬೇಡ, ಹಾಲು ಬೇಡ. ನಿಲಾ ಅಂತ ಹೆಸರು, ಎರಡು ಜುಟ್ಟು, ಒಂದು ಬಿಚ್ಚಿಹೋಗಿತ್ತು.

ಆ ತಾಯಿ ಮಲಗಿದಲ್ಲಿಂದಲೇ ಅಜ್ಜಿಯ ಹಣೆಯ ವಿಭೂತಿ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ತಮಿಳಿನಲ್ಲಿ ಹೇಳಿದಳು. "ನೀವು ಸೈವ, ಮೀನು ಮಾಂಸ ಮುಟ್ಟಲ್ಲ ಅಂತ ಗೊತ್ತು, ಕೇಳೋಕೇ ನಾಚಿಕೆ. ಮಗೂಗೆ ಅಂತ ನನ್ನ ಅಕ್ಕ ಮೀನು ಕೊಳಂಬು ಸಾರು ಕೊಟ್ಟಿದ್ದಾಳೆ, ಕಾರಲ್ಲಿ ಡಬ್ಬಿ ಇದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ತಣ್ಣಗೇ ಕೊಡ್ತೀನಿ, ಕಾರಲ್ಲೇ ಕೂತು ತಿನ್ನಿಸ್ತೀನಿ." ಹೇಳುತ್ತಾ ಏಳಲು ಹೋಗಿ ಮತ್ತೆ ತಲೆ ಸುತ್ತಿ ಹಾಗೇ ಒರಗಿದಳು.

ಅವ್ವ ನನ್ನನ್ನು ನೋಡಿದಳು. ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬೇಡ ಅನ್ನದೆ ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಅಂಗಳಕ್ಕೆ ಇಳಿದೆ. ದನದ ಕೊಟ್ಟಿಗೆಯ ಸೂರಿನ ಕೆಳಗೆ, ಹನಿ ಬೀಳದ ಕಡೆ, ಮೂರು ಕಲ್ಲು ಹೂಡಿದೆ. ಸೌದೆ ಒದ್ದೆ, ಊದಿ ಊದಿ ಕಣ್ಣು ಉರಿ. ಕಾರಿನಿಂದ ಡಬ್ಬಿ ತಂದು ಅವರ ಡಬ್ಬಿಯಲ್ಲೇ ಬಿಸಿಗಿಟ್ಟೆ. ಮುಚ್ಚಳ ತೆಗೆದ ತಕ್ಷಣ ಎದ್ದ ವಾಸನೆ ಇದೆಯಲ್ಲ, ಹುಣಿಸೆಹಣ್ಣು, ಮೆಣಸು, ಮೀನು, ಆ ಅಂಗಳದಲ್ಲಿ ಅಂಥ ವಾಸನೆ ನನಗೆ ಗೊತ್ತಿರುವ ಹಾಗೆ ಯಾವತ್ತೂ ಎದ್ದಿರಲಿಲ್ಲ. ಅವ್ವ ಸೆರಗು ಮೂಗಿಗೆ ಹಿಡಿದು ಒಳಗೆ ಹೋದಳು. ಮಂಗಳ ಕಿಟಕಿ ಹಾಕಿದಳು. ನಮ್ಮ ಹಸು ಸಹ ಒಂದು ಸಲ ತಲೆ ಎತ್ತಿ ನೋಡಿತು, ಪ್ರಮಾಣ ಮಾಡಿ ಹೇಳುತ್ತೇನೆ!

ನಿಲಾ ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಒಂದು ಬಾಳೆ ಎಲೆ ಹರಿದು, ಅದರಲ್ಲಿ ಅನ್ನ, ಮೇಲೆ ಕೊಳಂಬು ಹಾಕಿದೆ. ಅವಳು ಮೀನಿನ ತುಂಡನ್ನು ಬೆರಳಲ್ಲಿ ತೋರಿಸಿ ಕೈ ಹಿಂದೆ ಎಳೆದುಕೊಂಡಳು. "ಅಕ್ಕಾ, ಮುಳ್ಳು."

ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಬಹುಶಃ ಆಗುತ್ತಿರಲಿಲ್ಲ. ಬೇಬಿಯಕ್ಕ ಅತಿಥಿಗಳ ಮಕ್ಕಳಿಗೆ ಮುಳ್ಳು ಬಿಡಿಸುವುದನ್ನು ನೋಡಿದ್ದೆನಲ್ಲ, ಬೆನ್ನಿನ ಮೇಲೆ ಒಂದು ಸಲ ಒತ್ತಿ, ಉದ್ದಕ್ಕೆ ಎಳೆಯುವುದು. ಹಾಗೇ ಮಾಡಿದೆ. ನನ್ನ ಬೆರಳು ಮೊದಲ ಸಲ ಮೀನು ಮುಟ್ಟಿತು. ಬೆಚ್ಚಗಿತ್ತು, ಮೆತ್ತಗಿತ್ತು, ಅಷ್ಟೇ. ಸ್ವಲ್ಪ ಸ್ವಲ್ಪ ಬಿಡಿಸಿ ಅನ್ನಕ್ಕೆ ಕಲಸಿ ಕೊಟ್ಟೆ. ಅವಳು ಉಂಡಳು ನೋಡಿ! ಕೆನ್ನೆ ಉಬ್ಬಿಸಿಕೊಂಡು, ನನ್ನ ಮೊಣಕಾಲಿಗೆ ಒರಗಿಕೊಂಡು, ಕೊನೆಯ ಅಗುಳಿನ ತನಕ. ಆಮೇಲೆ "ನಾಳೇನೂ ಮಾಡ್ತೀಯಾ?" ಎಂದು ತಮಿಳಿನಲ್ಲಿ ಕೇಳಿದಳು. ನಾನು ಅಡುಗೆ ಮಾಡಿದ್ದೇ ಅಲ್ಲ, ಬರೀ ಬಿಸಿ ಮಾಡಿದ್ದು. ಆದರೂ ಬೀಗಿಬಿಟ್ಟೆ.

ಎಲೆಯನ್ನು ದೂರ ಹೂತೆ, ಕಲ್ಲುಗಳನ್ನು ಬೇಲಿಯ ಆಚೆ ಎಸೆದೆ, ನೆಲಕ್ಕೆ ಸಗಣಿ ನೀರು ಹಾಕಿದೆ, ಬೂದಿ ಹಚ್ಚಿ ಕೈ ತೊಳೆದೆ, ತಲೆಗೇ ನೀರು ಹುಯ್ದುಕೊಂಡು ಒಳಗೆ ಬಂದೆ. ಅಪ್ಪ ಮತ್ತು ಆ ಗಂಡಸು ಟೈರು ಹಾಕಿಸಿಕೊಂಡು ಬಂದರು. ಬೆಳಿಗ್ಗೆ ಬೇಗ ಹೊರಟರು. ಹೋಗುವಾಗ ಆ ಹೆಂಗಸು ಅಜ್ಜಿಯ ಕಾಲು ಮುಟ್ಟಲು ಬಗ್ಗಿದಳು. ಅಜ್ಜಿ ಅವಳ ಭುಜ ಹಿಡಿದು, "ಬಸ್ರಿ ಬಗ್ಗಬಾರ್ದು ಕಣವ್ವ" ಎಂದು ನಿಲ್ಲಿಸಿ, ಮಗುವಿನ ಕೈಗೆ ಒಂದು ಹಿಡಿ ಹುರಿಗಡಲೆ ಹಾಕಿದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಜ್ಜಿ ಕರೆದರು. ನಾನು ಬೈಗುಳಕ್ಕೆ ಸಿದ್ಧವಾಗಿ ಹೋಗಿ ನಿಂತೆ.

"ಓಗು ಕೂಸೇ. ನಿನ್ ಗಂಡುನ್ ತಾವ್ಕೆ ಓಗು."

"ಅಂದ್ರೆ? ಕಳ್ಸ್‌ಬುಡ್ತೀಯಾ ಅಜ್ಜಿ ನನ್ನ?"

"ಕಳ್ಸ್‌ತೀನಿ ಕಣೆ. ನೆನ್ನೆ ನಿನ್ ಮೊಕಾನೇ ನೋಡ್ತಾ ಕೂತಿದ್ದೆ. ಆ ಮಗೀಗೆ ಮುಳ್ ಬುಡ್ಸುವಾಗ ನಿನ್ ಮೊಕದಲ್ಲಿ ಒಂದ್ ಚೂರೂ ಏಸ್ಗೆ ಇರ್ನಿಲ್ಲ. ಅಸ್ದ ಕೂಸು ಉಣ್ತದಲ್ಲ ಅನ್ನದು ಮಾತ್ರ ಇತ್ತು. ನಂಗಾಗಿದ್ರೆ ಕೈ ನಡುಗ್ತಿತ್ತು. ನಿಂಗ್ ನಡುಗ್ನಿಲ್ಲ. ಆ ಕೆಲ್ಸ ನಿಂಗ್ ಒಗ್ತದೆ. ಅದ್ಕೆ ನಾನ್ ಅಡ್ಡ ಕೂತ್ರೆ ತಪ್ಪು ನಂದಾಯ್ತದೆ."

ನಾನು ಅಜ್ಜಿಯನ್ನು ಎತ್ತಿಕೊಂಡುಬಿಟ್ಟೆ! ನಿಜವಾಗಿ ನೆಲದಿಂದ ಎತ್ತಿದೆ. "ಬುಡೆ, ಬುಡೆ, ಸೊಂಟ ಮುರೀತಿಯೆ" ಎಂದು ಕೂಗಿದರು. ಅಪ್ಪ ಓಡಿ ಬಂದರು.

"ಸಿದ್ಮಲ್ಲ, ಇವ್ಳಿಗೆ ರೈಲ್ ಟಿಕೀಟ್ ತಗ್ಸು."

"ನೀನೇ ಅಲ್ವಾ ಅವ್ವ ಬ್ಯಾಡ ಅಂದಿದ್ದು?"

"ಅಂದಿದ್ದೆ. ಈಗ ತಗ್ಸು ಅಂತಾ ಅವ್ನಿ. ನಿಂಗ್ ಯಾವ್ದು ಕೇಳ್ತದೋ ಅದ್ನ ಮಾಡು."

ಅಪ್ಪ ಟಿಕೆಟ್ಟಿಗೆ ಅಂತ ಜೇಬಿನಿಂದ ಫೋನು ತೆಗೆಯುತ್ತಾ, "ಆನೆನೂ ಇಲ್ಲ ಅಂತಾಳೆ, ಓಗ್ಲಿ" ಎಂದರು.

ಆಮೇಲೆ ಮನೆಯಲ್ಲಿ ಹಬ್ಬ. ಶುಕ್ರವಾರ ಹೆಣ್ಣು ಮಗಳನ್ನು ಮನೆಯಿಂದ ಕಳಿಸುವ ಹಾಗಿಲ್ಲವಂತೆ, ಶನಿವಾರ ಅವ್ವನಿಗೆ ಇಷ್ಟವಿಲ್ಲ, ಹೀಗೆ ತಳ್ಳಿ ತಳ್ಳಿ ಶ್ರಾವಣದ ಮೊದಲ ಸೋಮವಾರ ನಾನು ನಿಮ್ಮ ಮನೆ ಹೊಸ್ತಿಲು ದಾಟಬೇಕು ಎಂದು ಲೆಕ್ಕ ಹಾಕಿದ್ದಾರೆ. ಹೊರಡುವ ಮುಂಚೆ ತಾಳವಾಡಿಗೆ ಹೋಗಿ ಅತ್ತೆ ಮಾವನಿಗೆ ನಮಸ್ಕಾರ ಮಾಡಿ ಬರುತ್ತೇನೆ. ಅತ್ತೆ ಆಗಲೇ ನಿಮಗೆ ಅಂತ ಹುರುಳಿ ಹಪ್ಪಳ ಒಣಗಿಸಲು ಶುರು ಮಾಡಿದ್ದಾರಂತೆ, ಈ ಮಳೆಯಲ್ಲಿ! ಅವ್ವ ರಾಗಿ ಹಿಟ್ಟು, ಖಾರದ ಪುಡಿ ಕಟ್ಟುತ್ತಿದ್ದಾಳೆ. ನಾನು ಒಂದು ಯೋಚನೆ ಮಾಡಿದ್ದೇನೆ, ಹೇಳಲಾ? ವಾರಕ್ಕೊಂದು ದಿನ ಅತಿಥಿಗಳಿಗೆ ನಮ್ಮ ಕಡೆಯ ಊಟ ಹಾಕೋಣ, ಆ ತಕ್ಕಡಿಯ ಕೊಟ್ಟಿಗೆಯಲ್ಲಿ ನೆಲದ ಮೇಲೆ ಎಲೆ ಹಾಕಿ. ಸಮುದ್ರ ನೋಡಲು ಬಂದವರು ಮುದ್ದೆ ನುಂಗಲು ಕಲಿಯಲಿ. ಬೇಬಿಯಕ್ಕ ನಗುತ್ತಾರೆ, ನಗಲಿ. ಫಿಲೊಮಿನಾಬಾಯಿಗೆ ನನ್ನ ನಮಸ್ಕಾರ ತಿಳಿಸಿ, ಬೇರೆ ಜೋಡಿಯನ್ನು ನೋಡಬೇಡಿ, ಈ ಜೋಡಿ ಹೊರಟಿದೆ ಎಂದು ಹೇಳಿ.

ಅಪ್ಪ ಅವ್ವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಂಗಳ ಬಾಳೆಕಾಯಿ ಬಜ್ಜಿಯ ಲೆಕ್ಕದಲ್ಲಿ ನಿಮ್ಮಿಂದ ಒಂದು ಸೀರೆ ಬರಬೇಕು ಎಂದಿದ್ದಾಳೆ. ಅಜ್ಜಿ, "ಮಾದೇವ ಅವ್ನ ಕೈಕಾಲು ಗಟ್ಟಿ ಮಡಗ್ಲಿ, ಬಂದೋರ್ಗೆ ಬಡ್ಸೋ ಮನ್ಸು ಯಾವತ್ತೂ ಸೋಲ್ದೆ ಇರ್ಲಿ ಅಂತ ಬರಿ" ಎಂದರು. ಬರೆದಿದ್ದೇನೆ.

ನಿಮ್ಮವಳೇ, ನಿಮ್ಮವಳೇ, ನಿಮ್ಮವಳೇ ಆದ
ಸ್ಪಂದನ

ಮರೆತ ಮಾತು: ಮರೆತಿಲ್ಲ, ಸುಳ್ಳು. ಮೇಲೆ ಬರೆಯಲು ಆಗಲಿಲ್ಲ. ಅಜ್ಜಿ ಓಗು ಅಂದ ಮೇಲೆ ಇನ್ನೊಂದು ಮಾತು ಹೇಳಿದರು. ಅಪ್ಪ ಒಳಗೆ ಹೋದ ಮೇಲೆ, ನನ್ನ ಕೂದಲು ಸವರುತ್ತಾ ಹೇಳಿದರು. "ಇನ್ಮೇಕೆ ನನ್ ಪೂಜೆ ನೀರು ಮಂಗಳ ತರ್ಲಿ ಕೂಸೇ. ನೀ ಬ್ಯಾಡ."

ಅಜ್ಜಿ ಲಿಂಗಪೂಜೆ ಮಾಡದೆ ಒಂದು ಹನಿಯನ್ನೂ ಬಾಯಿಗೆ ಹಾಕುವುದಿಲ್ಲ, ನಿಮಗೆ ಗೊತ್ತು. ಸ್ನಾನ ಮಾಡಿ ಆ ಪೂಜೆಗೆ ಹೊಸ ನೀರು ತರುವ ಕೆಲಸ ನಾನು ಲಂಗ ಹಾಕುತ್ತಿದ್ದಾಗಿನಿಂದ ನನ್ನದು. ಹಾಸ್ಟೆಲಿನಿಂದ ರಜೆಗೆ ಬಂದಾಗಲೂ, ಮದುವೆಯಾಗಿ ಮೊದಲ ಸಲ ನಿಮ್ಮ ಜೊತೆ ಬಂದಾಗಲೂ ಬೇರೆ ಯಾರೂ ಆ ತಂಬಿಗೆ ಮುಟ್ಟುತ್ತಿರಲಿಲ್ಲ. ನಾನು ಕೇಳಿದೆ, "ತಲೆಗೆ ನೀರ್ ಉಯ್ಕಂಡೆ ಅಲ್ವಾ ಅಜ್ಜಿ, ಹೋಗ್ನಿಲ್ವಾ?" ಅದಕ್ಕೆ ಅವರು, "ನೆನ್ನೇದು ಓಯ್ತು ಕಣೆ. ನೀನ್ ನಾಳೆನೂ ಮುಟ್ಟೀಯೆ, ನಾಳಿದ್ದೂ ಮುಟ್ಟೀಯೆ. ಅದು ನಿನ್ ಕೆಲ್ಸ. ಇದು ನನ್ ಪೂಜೆ. ಎರಡೂ ಇರ್ಲಿ, ಬ್ಯಾರೆ ಬ್ಯಾರೆ ಇರ್ಲಿ" ಎಂದರು. ಕೋಪವೇ ಇರಲಿಲ್ಲ ರೀ. ಕೋಪವಿದ್ದಿದ್ದರೆ ನಾನು ಮುದ್ದು ಮಾಡಿ ಇಳಿಸುತ್ತಿದ್ದೆ.

ಆವತ್ತಿನಿಂದ ಬೆಳಿಗ್ಗೆ ಎದ್ದು, ಅಭ್ಯಾಸಕ್ಕೆ ಸ್ನಾನ ಮಾಡಿ, ಸುಮ್ಮನೆ ಹಿತ್ತಲಲ್ಲಿ ನಿಂತಿರುತ್ತೇನೆ. ಮಂಗಳ ನನ್ನನ್ನು ನೋಡದ ಹಾಗೆ ನೋಡಿಕೊಂಡು ನೀರು ಹಿಡಿದು ಹೋಗುತ್ತಾಳೆ. ನೀವು ಅಜ್ಜಿಗೆ ಇದರ ಬಗ್ಗೆ ಏನೂ ಹೇಳಬೇಡಿ. ನನಗೂ ಸಾರಿ ಹೇಳಬೇಡಿ. ನೀವು ತಪ್ಪು ಮಾಡಿಲ್ಲ, ನಾನು ಮಾಡಿಲ್ಲ, ಅಜ್ಜಿಯೂ ಮಾಡಿಲ್ಲ. ಅದಕ್ಕೇ ಯಾರ ಮೇಲೆ ಮುನಿಸಿಕೊಂಡು ಅಳಬೇಕೋ ತಿಳಿಯುತ್ತಿಲ್ಲ. ನಿಲಾ ಮತ್ತೆ ಬಂದು ಮುಳ್ಳು ಅಂದರೆ ಮತ್ತೆ ಬಿಡಿಸುತ್ತೇನೆ, ಅದೂ ಗೊತ್ತು.

ನಾನು ರೈಲಿನಿಂದ ಅಳುತ್ತಾ ಇಳಿದರೆ ಖುಷಿ ಇಲ್ಲವಾ ಎಂದು ಕೇಳಬೇಡಿ. ಖುಷಿ ಇದೆ. ಚೀಲಗಳನ್ನು ಮಾತ್ರ ಇಸಿದುಕೊಳ್ಳಿ. ಜುಲೈ ಇಪ್ಪತ್ತೇಳು, ಭಾನುವಾರ ರಾತ್ರಿ, ಅಪ್ಪ ನನ್ನನ್ನು ಮೈಸೂರಿನಲ್ಲಿ ಮುರುಡೇಶ್ವರ ಎಕ್ಸ್‌ಪ್ರೆಸ್ ಹತ್ತಿಸುತ್ತಾರೆ. ಸೋಮವಾರ ಮಧ್ಯಾಹ್ನ ಬೈಂದೂರಿನಲ್ಲಿ ಇಳಿಯುತ್ತೇನೆ.